ಗಾಲಿಕುರ್ಚಿಯಲ್ಲಿ ಕೂತೇ 300 ಕೋಟಿ ಸಸಿ ನೆಡಿಸಿದ ಅಧ್ಯಕ್ಷ: ರೂಸ್‌ವೆಲ್ಟ್ ಕಟ್ಟಿದ ಹಸಿರು ಪಡೆಯ ಕಥೆ

ಹಸಿರು ಉದ್ಯೋಗ, ಗ್ರೀನ್ ಸ್ಕಿಲ್... ಈಗ ಎಲ್ಲಿ ನೋಡಿದರೂ ಇದೇ ಮಾತು. ನಮ್ಮ ಕೇಂದ್ರ ಪರಿಸರ ಸಚಿವಾಲಯ ಕೂಡ 2017ರಲ್ಲಿ ಯುವಜನರಿಗಾಗಿ ಹಸಿರು ಕೌಶಲ ಅಭಿವೃದ್ಧಿ ಕಾರ್ಯಕ್ರಮ ಶುರು ಮಾಡಿತು. ಇದೆಲ್ಲ ಹವಾಮಾನ ಬದಲಾವಣೆಯ ಕಾಲದ ಹೊಸ ಯೋಚನೆ ಎಂದು ಅನ್ನಿಸುವುದು ಸಹಜ. ಆದರೆ ಕೆಲಸವಿಲ್ಲದ ಯುವಕರನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕರೆದು, ಊಟ, ವಸತಿ, ಸಂಬಳ ಕೊಟ್ಟು, ಹಾಳಾದ ಕಾಡು ಮತ್ತು ಮಣ್ಣನ್ನು ಸರಿಪಡಿಸುವ ಕೆಲಸ ಕಲಿಸಿದ ಬಹುದೊಡ್ಡ ಪ್ರಯೋಗ ನಡೆದು 90 ವರ್ಷ ದಾಟಿದೆ. ಅದನ್ನು ನಡೆಸಿದವರು ಅಮೆರಿಕದ 32ನೇ ಅಧ್ಯಕ್ಷ ಫ್ರಾಂಕ್ಲಿನ್ ಡೆಲಾನೋ ರೂಸ್‌ವೆಲ್ಟ್.

ರೂಸ್‌ವೆಲ್ಟ್ ಎಂದರೆ ಎರಡನೇ ಮಹಾಯುದ್ಧ, ಚರ್ಚಿಲ್ ಮತ್ತು ಸ್ಟಾಲಿನ್ ಪಕ್ಕದಲ್ಲಿ ಕೂತ ಫೋಟೊ, ನಾಲ್ಕು ಬಾರಿ ಗೆದ್ದ ಅಧ್ಯಕ್ಷ. ಇಷ್ಟು ಬಹುತೇಕರಿಗೆ ಗೊತ್ತು. ಅವರು ತಮ್ಮನ್ನು ಮರ ಬೆಳೆಸುವ ರೈತ ಎಂದು ಹೇಳಿಕೊಳ್ಳಲು ಇಷ್ಟಪಡುತ್ತಿದ್ದರು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಅವರ ಬದುಕನ್ನು ಈ ಬಾಗಿಲಿನಿಂದ ಒಳಹೊಕ್ಕು ನೋಡಿದರೆ, ಇವತ್ತಿನ ನಮ್ಮ ಚರ್ಚೆಗೂ ಬೇಕಾದ ಹಲವು ಸಂಗತಿಗಳು ಸಿಗುತ್ತವೆ.

ಸಿರಿವಂತ ಮನೆಯ ಮಗ

ರೂಸ್‌ವೆಲ್ಟ್ ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ. ಹಡ್ಸನ್ ನದಿಯ ದಂಡೆಯ ಮೇಲೆ ಸ್ಪ್ರಿಂಗ್‌ವುಡ್ ಎಂಬ ದೊಡ್ಡ ಮನೆ, ಸುತ್ತ ನೂರಾರು ಎಕರೆ ಜಮೀನು. ತಂದೆ ಜೇಮ್ಸ್, ತಾಯಿ ಸಾರಾ. ಹಾರ್ವರ್ಡ್‌ನಲ್ಲಿ ಓದು, ನಂತರ ಕೊಲಂಬಿಯಾದಲ್ಲಿ ಕಾನೂನು ಕಲಿಕೆ. 1905ರಲ್ಲಿ ದೂರದ ಸಂಬಂಧಿ ಎಲೀನರ್ ಜೊತೆ ಮದುವೆ. ಎಲೀನರ್ ಅವರ ಚಿಕ್ಕಪ್ಪ-ದೊಡ್ಡಪ್ಪಂದಿರ ಸಾಲಿನಲ್ಲಿ ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇದ್ದರು. ಕಾಡು ಉಳಿಸುವುದು ಸರ್ಕಾರದ ಕೆಲಸ ಎಂದು ಅಮೆರಿಕಕ್ಕೆ ಮನವರಿಕೆ ಮಾಡಿಸಿದವರು ಅವರೇ.

ಫ್ರಾಂಕ್ಲಿನ್‌ಗೆ ಮರದ ಹುಚ್ಚು ಹತ್ತಿದ್ದು ಮನೆಯ ಜಮೀನಿನಲ್ಲಿ. ತಲೆಮಾರುಗಳ ಕಾಲ ಉತ್ತು ಬಿತ್ತಿ ಸಾರ ಕಳೆದುಕೊಂಡ ಹೊಲಗಳು ಅಲ್ಲಿದ್ದವು. ಬೆಳೆ ಸರಿಯಾಗಿ ಬರುತ್ತಿರಲಿಲ್ಲ. 1912ರ ಹೊತ್ತಿಗೆ ಅವರು ಆ ಜಾಗದಲ್ಲಿ ಸಾವಿರಾರು ಸಸಿ ನೆಡಿಸಲು ಆರಂಭಿಸಿದರು. ಜೀವನಪೂರ್ತಿ ಅದನ್ನು ಬಿಡಲಿಲ್ಲ. ಆ ಜಮೀನಿನಲ್ಲಿ ಅವರು ನೆಡಿಸಿದ ಸಸಿಗಳ ಸಂಖ್ಯೆ ಐದು ಲಕ್ಷ ದಾಟಿತ್ತು. ಸುಸ್ತಾದ ಮಣ್ಣಿಗೆ ಮರವೇ ಮದ್ದು ಎಂಬ ಪಾಠವನ್ನು ಅವರು ಕಲಿತದ್ದು ಹೀಗೆ.

ಡೆಹ್ರಾಡೂನ್‌ಗೂ ಇದಕ್ಕೂ ಏನು ನಂಟು?

1911ರಲ್ಲಿ ರೂಸ್‌ವೆಲ್ಟ್ ನ್ಯೂಯಾರ್ಕ್ ರಾಜ್ಯದ ಸೆನೆಟ್ ಸದಸ್ಯರಾದರು. ವಯಸ್ಸು ಇನ್ನೂ 28. ಅವರಿಗೆ ಸಿಕ್ಕಿದ್ದು ಅರಣ್ಯ, ಮೀನುಗಾರಿಕೆ ಮತ್ತು ಬೇಟೆ ಸಮಿತಿಯ ಅಧ್ಯಕ್ಷ ಸ್ಥಾನ. ಉಳಿದವರು ಅಷ್ಟಾಗಿ ತಲೆಕೆಡಿಸಿಕೊಳ್ಳದ ಸಮಿತಿ ಅದು. ಮರ ಕಡಿಯುವುದಕ್ಕೆ ನಿಯಮ ತರುವ ಮಸೂದೆಗೆ ಬೆಂಬಲ ಗಳಿಸಲು ಅವರು ಗಿಫರ್ಡ್ ಪಿಂಚೊ ಅವರನ್ನು ಭಾಷಣಕ್ಕೆ ಕರೆಸಿದರು.

ಪಿಂಚೊ ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥರಾಗಿದ್ದವರು. ಅವರು ಅಂದು ಎರಡು ಚಿತ್ರ ತೋರಿಸಿದರು. ಒಂದು, ಚೀನಾದ ಕಣಿವೆಯೊಂದರ ಹಳೆಯ ವರ್ಣಚಿತ್ರ. ಅದರಲ್ಲಿ ಹಸಿರು ಬೆಟ್ಟ, ಹರಿಯುವ ನೀರು, ನೆಮ್ಮದಿಯ ಊರು. ಇನ್ನೊಂದು, ಅದೇ ಜಾಗದ ಸುಮಾರು ನಾಲ್ಕು ಶತಮಾನಗಳ ನಂತರದ ಫೋಟೊ. ಬೆಟ್ಟ ಬೋಳು, ಕಣಿವೆ ತುಂಬ ಕಲ್ಲು, ಊರು ಪಾಳು. ಮೇಲೆ ಕಾಡು ಹೋದರೆ ಕೆಳಗೆ ಊರೂ ಹೋಗುತ್ತದೆ ಎನ್ನುವುದನ್ನು ವಿವರಿಸಲು ಬೇರೆ ಮಾತು ಬೇಕಿರಲಿಲ್ಲ. ರೂಸ್‌ವೆಲ್ಟ್ ಆ ಎರಡು ಚಿತ್ರಗಳನ್ನು ಮರೆಯಲಿಲ್ಲ. ಮುಂದೆ ಎಷ್ಟೋ ವರ್ಷ ಅದರ ಬಗ್ಗೆ ಮಾತನಾಡುತ್ತಿದ್ದರು.

ಈ ಪಿಂಚೊಗೂ ಭಾರತಕ್ಕೂ ಒಂದು ಕೊಂಡಿ ಇದೆ. ಅವರು ಯುರೋಪಿನಲ್ಲಿ ಅರಣ್ಯಶಾಸ್ತ್ರ ಓದುವಾಗ ಗುರುವಿನಂತೆ ದಾರಿ ತೋರಿಸಿದವರು ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್. ಬ್ರಿಟಿಷ್ ಇಂಡಿಯಾದಲ್ಲಿ 1864ರಲ್ಲಿ ಅರಣ್ಯ ಇಲಾಖೆ ಶುರುವಾದಾಗ ಅದರ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ಇದೇ ಬ್ರಾಂಡಿಸ್. 1878ರಲ್ಲಿ ಡೆಹ್ರಾಡೂನ್‌ನಲ್ಲಿ ಅರಣ್ಯ ಶಾಲೆ ತೆರೆಯಲು ಕಾರಣರಾದವರೂ ಅವರೇ. ಕಾಡು ನೋಡಿಕೊಳ್ಳಲು ಕಾನೂನು ಮಾತ್ರ ಸಾಲದು, ಕಲಿತ ಕೈಗಳೂ ಬೇಕು ಎನ್ನುವುದು ಬ್ರಾಂಡಿಸ್ ಭಾರತದಲ್ಲಿ ಕಂಡುಕೊಂಡ ಸತ್ಯ.

ಕಾಲು ಹೋದ ಮೇಲೆ ಬಂದ ಜಯ

1913ರಿಂದ 1920ರವರೆಗೆ ರೂಸ್‌ವೆಲ್ಟ್ ನೌಕಾಪಡೆಯ ಸಹಾಯಕ ಕಾರ್ಯದರ್ಶಿ. 1920ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತರು. ಮರುವರ್ಷ ಆಗಸ್ಟ್‌ನಲ್ಲಿ ಕ್ಯಾಂಪೊಬೆಲ್ಲೊ ದ್ವೀಪದ ರಜಾ ಮನೆಯಲ್ಲಿದ್ದಾಗ ಜ್ವರ ಬಂತು, ಕಾಲುಗಳು ಸ್ವಾಧೀನ ಕಳೆದುಕೊಂಡವು. ಪೋಲಿಯೊ ಎಂದರು ವೈದ್ಯರು. ಆಗ ಅವರಿಗೆ 39 ವರ್ಷ. ಮತ್ತೆಂದೂ ಯಾರ ನೆರವೂ ಇಲ್ಲದೆ ನಡೆಯಲು ಆಗಲಿಲ್ಲ. ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಯಾರದ್ದಾದರೂ ತೋಳು ಹಿಡಿದು ನಿಲ್ಲುತ್ತಿದ್ದರು. ಉಳಿದಂತೆ ಗಾಲಿಕುರ್ಚಿ.

ಚಿಕಿತ್ಸೆಗಾಗಿ ಅವರು ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನ ಬಿಸಿನೀರಿನ ಬುಗ್ಗೆಗೆ ಹೋಗತೊಡಗಿದರು. ಅಲ್ಲಿ ಕೈಯಿಂದಲೇ ಓಡಿಸಬಹುದಾದ ಕಾರಿನಲ್ಲಿ ಹಳ್ಳಿ ಸುತ್ತಿದರು. ಹತ್ತಿ ಬೆಳೆದು ಬೆಳೆದು ಬರಡಾದ ಕೆಂಪು ಹೊಲ, ಮಳೆಗೆ ಕೊಚ್ಚಿ ಆಳುದ್ದ ಬಿದ್ದ ಕೊರಕಲು, ಸಾಲದಲ್ಲಿ ಮುಳುಗಿದ ರೈತರು. ಹೈಡ್ ಪಾರ್ಕ್‌ನ ಸಿರಿವಂತನಿಗೆ ಬಡತನ ಮತ್ತು ಮಣ್ಣಿನ ಸಂಬಂಧ ಹತ್ತಿರದಿಂದ ಕಂಡದ್ದು ಇಲ್ಲಿ.

1928ರಲ್ಲಿ ನ್ಯೂಯಾರ್ಕ್ ಗವರ್ನರ್ ಆಗಿ ಗೆದ್ದರು. ಮರುವರ್ಷ ಷೇರುಪೇಟೆ ಕುಸಿಯಿತು, ಮಹಾ ಆರ್ಥಿಕ ಕುಸಿತ ಶುರುವಾಯಿತು. 1931ರಲ್ಲಿ ಅವರು ರಾಜ್ಯದ ಮತದಾರರ ಮುಂದೆ ಒಂದು ಪ್ರಸ್ತಾವ ಇಟ್ಟರು. ಪಾಳುಬಿದ್ದ ಸುಮಾರು 10 ಲಕ್ಷ ಎಕರೆ ಕೃಷಿ ಭೂಮಿಯನ್ನು ಸರ್ಕಾರ ಕೊಂಡು ಕಾಡು ಬೆಳೆಸುವುದು. ಅವರದೇ ಪಕ್ಷದ ಹಿರಿಯ ನಾಯಕ ಆಲ್ ಸ್ಮಿತ್ ವಿರೋಧಿಸಿದರೂ ಜನ ಒಪ್ಪಿದರು. ಅದೇ ವರ್ಷ ನಿರುದ್ಯೋಗಿಗಳಿಗೆ ನೆರವು ಕೊಡುವ ಸಂಸ್ಥೆಯನ್ನೂ ತೆರೆದರು. ಸುಮಾರು 10 ಸಾವಿರ ಜನರಿಗೆ ಸಸಿ ನೆಡುವ, ಕಾಡಿನ ದಾರಿ ಮಾಡುವ ಕೆಲಸ ಸಿಕ್ಕಿತು. ಮುಂದಿನ ದೊಡ್ಡ ಯೋಜನೆಗೆ ಇದೇ ರಿಹರ್ಸಲ್.

27 ದಿನದಲ್ಲಿ ಕಾನೂನು

1933ರ ಮಾರ್ಚ್ 4ರಂದು ರೂಸ್‌ವೆಲ್ಟ್ ಅಧ್ಯಕ್ಷರಾಗಿ ಪ್ರಮಾಣ ವಚನ ಸ್ವೀಕರಿಸಿದಾಗ ದೇಶದಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಕೆಲಸವಿರಲಿಲ್ಲ. ಓದು ಮುಗಿಸಿದ, ಓದು ಬಿಟ್ಟ ಹುಡುಗರು ಗೂಡ್ಸ್ ರೈಲು ಹತ್ತಿ ಊರೂರು ಅಲೆಯುತ್ತಿದ್ದರು. ಇನ್ನೊಂದು ಕಡೆ ಕಡಿದು ಬೋಳಾದ ಕಾಡು, ಕೊಚ್ಚಿ ಹೋಗುತ್ತಿದ್ದ ಹೊಲ. ಈ ಎರಡೂ ನಷ್ಟವನ್ನು ಒಂದಕ್ಕೊಂದು ಜೋಡಿಸಿದರೆ ಹೇಗೆ ಎನ್ನುವುದು ಅವರ ಲೆಕ್ಕ.

ಮಾರ್ಚ್ 21ರಂದು ಸಂಸತ್ತಿಗೆ ಪ್ರಸ್ತಾವ ಕಳಿಸಿದರು. ಮಾರ್ಚ್ 31ರಂದು ಕಾನೂನಿಗೆ ಸಹಿ ಬಿತ್ತು. ಅಧಿಕಾರಕ್ಕೆ ಬಂದು ಇನ್ನೂ 27 ದಿನ. ಹೀಗೆ ಹುಟ್ಟಿದ ಪಡೆಯೇ ಸಿವಿಲಿಯನ್ ಕನ್ಸರ್ವೇಷನ್ ಕೋರ್, ಚಿಕ್ಕದಾಗಿ ಸಿಸಿಸಿ.

ವಿರೋಧ ಇರಲಿಲ್ಲವೇ? ಜೋರಾಗಿಯೇ ಇತ್ತು. ದಿನಕ್ಕೆ ಒಂದು ಡಾಲರ್ ಕೂಲಿ ಎಂದರೆ ದೇಶದ ಎಲ್ಲ ಕಾರ್ಮಿಕರ ಸಂಬಳ ಕೆಳಗಿಳಿಯುತ್ತದೆ ಎಂದು ಕಾರ್ಮಿಕ ಸಂಘಟನೆಗಳು ಸಿಟ್ಟಾದವು. ಸೇನೆಯ ಅಧಿಕಾರಿಗಳು ಶಿಬಿರ ನಡೆಸುತ್ತಾರೆ ಎಂದಾಗ ಯುವಕರನ್ನು ಸಿಪಾಯಿಗಳನ್ನಾಗಿ ಮಾಡುವ ಹುನ್ನಾರ ಎಂಬ ಆರೋಪ ಬಂತು. ರೂಸ್‌ವೆಲ್ಟ್ ಇದಕ್ಕೆ ಒಂದು ಜಾಣ ಉತ್ತರ ಹುಡುಕಿದರು. ಪಡೆಯ ನಿರ್ದೇಶಕರಾಗಿ ಕಾರ್ಮಿಕ ಸಂಘದ ನಾಯಕ ರಾಬರ್ಟ್ ಫೆಕ್ನರ್ ಅವರನ್ನೇ ನೇಮಿಸಿದರು. ಶಿಬಿರದ ಮೇಲ್ವಿಚಾರಣೆ ಸೇನೆಯದ್ದಾದರೂ ಯುವಕರಿಗೆ ಬಂದೂಕಿನ ತರಬೇತಿ ಇರಲಿಲ್ಲ.

ಕೆಲಸ ಹಂಚಿದ ರೀತಿಯೂ ಗಮನಿಸಬೇಕಾದದ್ದು. ಹುಡುಗರ ಆಯ್ಕೆ ಕಾರ್ಮಿಕ ಇಲಾಖೆಗೆ. ಸಾಗಣೆ, ಡೇರೆ, ಊಟ, ಬಟ್ಟೆ ಸೇನೆಗೆ. ಎಲ್ಲಿ ಏನು ಕೆಲಸ ಎನ್ನುವ ತೀರ್ಮಾನ ಕೃಷಿ ಮತ್ತು ಒಳಾಡಳಿತ ಇಲಾಖೆಗಳ ಅಡಿಯ ಅರಣ್ಯ ಸೇವೆ ಹಾಗೂ ರಾಷ್ಟ್ರೀಯ ಉದ್ಯಾನ ಸೇವೆಗೆ. ಏಪ್ರಿಲ್ 17ರಂದು ವರ್ಜೀನಿಯಾದ ಕಾಡಿನಲ್ಲಿ ಮೊದಲ ಶಿಬಿರ ತಲೆಯೆತ್ತಿತು. ಜುಲೈ ಆರಂಭದ ಹೊತ್ತಿಗೆ ಸುಮಾರು ಎರಡೂಮುಕ್ಕಾಲು ಲಕ್ಷ ಜನ ಶಿಬಿರಗಳಲ್ಲಿದ್ದರು. ಆಗಸ್ಟ್‌ನಲ್ಲಿ ಅಧ್ಯಕ್ಷರೇ ಶೆನಾಂಡೋವಾ ಬೆಟ್ಟಗಳ ಶಿಬಿರಗಳಿಗೆ ಬಂದು ಹುಡುಗರ ಜೊತೆ ಊಟ ಮಾಡಿ ಹೋದರು.

ಸಂಬಳ 30 ಡಾಲರ್, ಮನೆಗೆ 25

ಆರಂಭದಲ್ಲಿ 18ರಿಂದ 25 ವರ್ಷದ, ಮದುವೆಯಾಗದ, ನೆರವು ಪಡೆಯುತ್ತಿದ್ದ ಬಡ ಕುಟುಂಬಗಳ ಹುಡುಗರಿಗೆ ಅವಕಾಶ. ಆರು ತಿಂಗಳ ಅವಧಿ, ಬೇಕಿದ್ದರೆ ಮುಂದುವರಿಸಬಹುದು. ತಿಂಗಳಿಗೆ 30 ಡಾಲರ್. ಅದರಲ್ಲಿ 25 ಡಾಲರ್ ಸಾಮಾನ್ಯವಾಗಿ ನೇರವಾಗಿ ಮನೆಗೆ ಹೋಗುತ್ತಿತ್ತು, ಹುಡುಗನ ಕೈಗೆ ಐದು. ಊರಿನಲ್ಲಿ ಅಪ್ಪನ ಕೆಲಸ ಹೋಗಿದ್ದರೂ ಒಲೆ ಉರಿಯುತ್ತಿದ್ದುದು ಈ 25 ಡಾಲರ್‌ನಿಂದ. ಮುಂಬೈಗೋ ಪುಣೆಗೋ ಬಂದು ದುಡಿದು ತಿಂಗಳ ಮೊದಲ ವಾರ ಊರಿಗೆ ದುಡ್ಡು ಕಳಿಸಿದ ಕನ್ನಡಿಗರ ಮನೆಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಮಾಜಿ ಸೈನಿಕರಿಗೂ ವಯಸ್ಸಿನ ಮಿತಿ ಇಲ್ಲದೆ ಪ್ರತ್ಯೇಕ ಶಿಬಿರ ಕೊಟ್ಟರು. 1932ರಲ್ಲಿ ತಮ್ಮ ಬೋನಸ್ ಕೇಳಿ ವಾಷಿಂಗ್ಟನ್‌ಗೆ ಬಂದಿದ್ದ ಇವರನ್ನು ಹಿಂದಿನ ಅಧ್ಯಕ್ಷ ಹೂವರ್ ಕಾಲದಲ್ಲಿ ಸೇನೆ ಬಿಟ್ಟು ಓಡಿಸಲಾಗಿತ್ತು. ಮರುವರ್ಷ ಮತ್ತೆ ಬಂದಾಗ ರೂಸ್‌ವೆಲ್ಟ್ ಪತ್ನಿ ಎಲೀನರ್ ಅವರೇ ಹೋಗಿ ಮಾತನಾಡಿಸಿದರು. ಹಲವರು ಸಿಸಿಸಿ ಸೇರಿದರು.

ಗುದ್ದಲಿ ಹಿಡಿಯಲು ಕಲಿಸಿದ್ದು ಯಾರು?

ಇಡೀ ಯೋಜನೆಯ ನಿಜವಾದ ಸವಾಲು ಇದ್ದದ್ದು ಇಲ್ಲಿ. ಬಂದವರಲ್ಲಿ ಬಹಳಷ್ಟು ಜನ ನಗರದ ಹುಡುಗರು. ಕಾಡು ನೋಡಿದವರೇ ಅಲ್ಲ. ಕೊಡಲಿ ಕೊಟ್ಟರೆ ಮರಕ್ಕಿಂತ ಮೊದಲು ಕಾಲಿಗೆ ಬೀಳುವ ಅಪಾಯ. ಮೊದಲು ಅವರನ್ನು ಸೇನೆಯ ನೆಲೆಗೆ ಕಳಿಸಿ, ಲಸಿಕೆ ಹಾಕಿಸಿ, ವ್ಯಾಯಾಮ ಮಾಡಿಸಿ, ಹೊಟ್ಟೆ ತುಂಬ ಊಟ ಹಾಕಿ ಮೈಗೆ ಬಲ ತುಂಬಬೇಕಾಯಿತು. ಎಷ್ಟೋ ಜನ ಅರೆಹೊಟ್ಟೆಯಲ್ಲಿ ಬಂದವರು.

ಅದರ ನಂತರದ ಪಾಠಕ್ಕೆ ಸರ್ಕಾರ ಪ್ರೊಫೆಸರ್‌ಗಳನ್ನಲ್ಲ, ಸ್ಥಳೀಯರನ್ನು ಹುಡುಕಿತು. ಶಿಬಿರದ ಸುತ್ತಮುತ್ತ ಕೆಲಸ ಕಳೆದುಕೊಂಡು ಕೂತಿದ್ದ ಮರ ಕಡಿಯುವವರು, ಬಡಗಿಗಳು, ಕಲ್ಲುಕುಟಿಗರು, ಕಾಡಿನ ದಾರಿ ಬಲ್ಲವರು. ಅನುಭವಿ ಸ್ಥಳೀಯರು ಎಂಬ ಹೆಸರಿನಲ್ಲೇ ಸುಮಾರು 25 ಸಾವಿರ ಮಂದಿಯನ್ನು ನೇಮಿಸಿಕೊಂಡರು. ಇದರಿಂದ ಎರಡು ಲಾಭ ಆಯಿತು. ಹುಡುಗರಿಗೆ ಕೈಹಿಡಿದು ಕಲಿಸುವ ಮೇಸ್ತ್ರಿಗಳು ಸಿಕ್ಕರು. ಹೊರಗಿನವರು ಬಂದು ನಮ್ಮೂರ ಕೆಲಸ ಕಸಿದರು ಎಂಬ ಸ್ಥಳೀಯರ ಸಿಟ್ಟೂ ತಣಿಯಿತು.

ಸಸಿ ನೆಡುವುದು ಸುಲಭ ಅನ್ನಿಸುತ್ತದೆ. ಆದರೆ ಬೇರು ಮಡಚಿ ನೆಟ್ಟರೆ ಗಿಡ ಸರಿಯಾಗಿ ಬೆಳೆಯುವುದಿಲ್ಲ. ಬೇರಿನ ಸುತ್ತ ಗಾಳಿ ಉಳಿದರೂ ಅಷ್ಟೇ. ನರ್ಸರಿಯಿಂದ ತಂದ ಸಸಿಯ ಬೇರು ದಾರಿಯಲ್ಲಿ ಒಣಗದಂತೆ ನೋಡಿಕೊಳ್ಳಬೇಕು, ಗುಂಡಿಯ ಆಳ ಸರಿ ಇರಬೇಕು, ಮಣ್ಣನ್ನು ಒತ್ತಿ ತುಳಿಯಬೇಕು. ಇಬ್ಬರು ಒಂದು ಜೋಡಿ. ಒಬ್ಬ ಗುಂಡಿ ತೆಗೆಯುತ್ತಾ ಹೋದರೆ ಹಿಂದಿನವ ಸಸಿ ಇಡುತ್ತಾ ಬರಬೇಕು. ಬೀಜ ಸಂಗ್ರಹ, ನರ್ಸರಿ ನಿರ್ವಹಣೆಗೆ ಬೇರೆ ತಂಡ.

ಬಿಳಿ ಪೈನ್ ಮರಗಳನ್ನು ಕೊಲ್ಲುತ್ತಿದ್ದ ತುಕ್ಕು ರೋಗದ ವಿರುದ್ಧದ ಕೆಲಸ ಇನ್ನೂ ಸೂಕ್ಷ್ಮ. ಆ ಶಿಲೀಂಧ್ರಕ್ಕೆ ಬದುಕಲು ಪೈನ್ ಜೊತೆ ಕರಂಟ್, ಗೂಸ್‌ಬೆರಿ ಜಾತಿಯ ಪೊದೆಯೂ ಬೇಕು. ಹಾಗಾಗಿ ಸಾವಿರಾರು ಹುಡುಗರು ಸಾಲಾಗಿ ಕಾಡಿನಲ್ಲಿ ನಡೆದು, ನೂರು ಗಿಡಗಳ ನಡುವೆ ಆ ಪೊದೆಯನ್ನು ಗುರುತಿಸಿ ಬೇರು ಸಮೇತ ಕೀಳಬೇಕಿತ್ತು. ಗಿಡ ಗುರುತಿಸಲು ಬಾರದವನಿಂದ ಈ ಕೆಲಸ ಆಗುವುದಿಲ್ಲ.

ಕೊರಕಲು ಬಿದ್ದ ಹೊಲಗಳಲ್ಲಿ ತಡೆ ಕಟ್ಟೆ, ಇಳಿಜಾರಿಗೆ ಅಡ್ಡವಾಗಿ ಬದು, ಬದುವಿನ ಮೇಲೆ ಹುಲ್ಲು. ವಿಸ್ಕಾನ್ಸಿನ್‌ನ ಕೂನ್ ವ್ಯಾಲಿಯಲ್ಲಿ ಇಡೀ ಜಲಾನಯನ ಪ್ರದೇಶವನ್ನು ಒಂದೇ ಘಟಕವಾಗಿ ನೋಡಿ ರೈತರ ಜೊತೆ ಸೇರಿ ಸರಿಪಡಿಸುವ ಪ್ರಯೋಗ 1933ರಲ್ಲೇ ಶುರುವಾಯಿತು. ಕೆಲಸದ ಕೈಗಳು ಸಿಸಿಸಿ ಹುಡುಗರವು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಕೂಡ ಇದರ ಜೊತೆಗಿದ್ದರು. ನಾವು ಇಂದು ಜಲಾನಯನ ಅಭಿವೃದ್ಧಿ ಎಂದು ಕರೆಯುವ ಕೆಲಸದ ಆರಂಭದ ಮಾದರಿಗಳಲ್ಲಿ ಇದೂ ಒಂದು.

ಸಂಜೆಯ ಶಾಲೆ

ಹಗಲು ಗುದ್ದಲಿ, ಸಂಜೆ ಪಾಟಿ. 1933ರ ಕೊನೆಯಲ್ಲಿ ಶಿಬಿರಗಳಿಗೆ ಶಿಕ್ಷಣ ಸಲಹೆಗಾರರನ್ನು ನೇಮಿಸಲು ರೂಸ್‌ವೆಲ್ಟ್ ಒಪ್ಪಿಗೆ ಕೊಟ್ಟರು. ನಿರ್ದೇಶಕ ಫೆಕ್ನರ್‌ಗೆ ಇದರಲ್ಲಿ ಉತ್ಸಾಹ ಇರಲಿಲ್ಲ. ಪಾಠದ ಗಲಾಟೆಯಲ್ಲಿ ಕೆಲಸ ಕೆಡುತ್ತದೆ ಎಂಬ ಆತಂಕ ಅವರದ್ದು. ತರಗತಿಗಳನ್ನು ಕೆಲಸದ ಸಮಯದ ಹೊರಗೇ ನಡೆಸಬೇಕಾಯಿತು, ಹೋಗುವುದು ಬಿಡುವುದು ಹುಡುಗರ ಇಷ್ಟ.

ಆದರೂ ಹೋದರು. ಓದು ಬರಹ ಬಾರದ 40 ಸಾವಿರಕ್ಕೂ ಹೆಚ್ಚು ಯುವಕರು ಶಿಬಿರಗಳಲ್ಲಿ ಅಕ್ಷರ ಕಲಿತರು. ಲೆಕ್ಕ, ಟೈಪಿಂಗ್, ಸರ್ವೆ, ವೆಲ್ಡಿಂಗ್, ಲಾರಿ ರಿಪೇರಿ, ಅಡುಗೆ, ಕಲ್ಲುಕೆಲಸ... ಶಿಬಿರಕ್ಕೆ ತಕ್ಕಂತೆ ತರಗತಿ. 1937ರಲ್ಲಿ ಕಾನೂನು ತಿದ್ದಿ ವಾರಕ್ಕೆ 10 ಗಂಟೆಯವರೆಗೆ ಶಿಕ್ಷಣ ಮತ್ತು ವೃತ್ತಿ ತರಬೇತಿಗೆ ಅವಕಾಶ ಮಾಡಿದರು. ಅಲ್ಲಿಗೆ ತರಬೇತಿಯೂ ಪಡೆಯ ಅಧಿಕೃತ ಉದ್ದೇಶಗಳಲ್ಲಿ ಒಂದಾಯಿತು.

ಕಲಿಕೆಗೆ ಪ್ರಾಣವೇ ಬೆಲೆಯಾದ ದಿನವೂ ಇದೆ. 1937ರ ಆಗಸ್ಟ್‌ನಲ್ಲಿ ವಯೋಮಿಂಗ್‌ನ ಶೋಶೋನ್ ಅರಣ್ಯದಲ್ಲಿ ಬ್ಲ್ಯಾಕ್‌ವಾಟರ್ ಬೆಂಕಿ ಆರಿಸಲು ಹೋದ 15 ಮಂದಿ ಸತ್ತರು. ಅವರಲ್ಲಿ ಹಲವರು ಸಿಸಿಸಿ ಹುಡುಗರು. ಗಾಳಿಯ ದಿಕ್ಕು ಬದಲಾಗಿ ಬೆಂಕಿ ಅವರನ್ನೇ ಸುತ್ತುವರಿದಿತ್ತು. ಬೆಂಕಿ ಚಿಕ್ಕದಿರುವಾಗಲೇ ಪರಿಣತರನ್ನು ಬೇಗ ತಲುಪಿಸಬೇಕು ಎಂಬ ಒತ್ತಾಯ ಈ ದುರಂತದ ನಂತರ ಹೆಚ್ಚಿತು. 1940ರಲ್ಲಿ ಪ್ಯಾರಾಚೂಟ್‌ನಲ್ಲಿ ಕಾಡಿಗೆ ಇಳಿದು ಬೆಂಕಿ ಆರಿಸುವ ಪಡೆ ಅಮೆರಿಕದಲ್ಲಿ ಕೆಲಸ ಆರಂಭಿಸಿತು.

ಧೂಳಿಗೆ ಎದುರಾಗಿ ಮರದ ಬೇಲಿ

ಇದೇ ಕಾಲದಲ್ಲಿ ದೇಶದ ಮಧ್ಯಭಾಗದ ಬಯಲು ಸೀಮೆ ಧೂಳಾಗಿ ಹಾರುತ್ತಿತ್ತು. ಹುಲ್ಲುಗಾವಲು ಉತ್ತು ಗೋಧಿ ಬಿತ್ತಿದ್ದರು, ಬರ ಬಂತು, ಹಿಡಿದಿಡುವ ಬೇರಿಲ್ಲದ ಮಣ್ಣು ಮೇಲೆದ್ದಿತು. 1935ರ ಏಪ್ರಿಲ್ 14ರ ಬಿರುಗಾಳಿಗೆ ಮಧ್ಯಾಹ್ನವೇ ಕತ್ತಲು ಕವಿಯಿತು. ಅದೇ ತಿಂಗಳು 27ರಂದು ಮಣ್ಣು ಸಂರಕ್ಷಣಾ ಸೇವೆ ಎಂಬ ಕಾಯಂ ಇಲಾಖೆ ಹುಟ್ಟಿತು. ಅದರ ಮುಖ್ಯಸ್ಥ ಹ್ಯೂ ಬೆನೆಟ್‌ಗೆ ನೂರಾರು ಸಿಸಿಸಿ ಶಿಬಿರಗಳ ಕೈಬಲ ಸಿಕ್ಕಿತು.

ರೂಸ್‌ವೆಲ್ಟ್ ಅವರ ಇನ್ನೊಂದು ಕನಸು, ಉತ್ತರ ಡಕೋಟಾದಿಂದ ಟೆಕ್ಸಾಸ್‌ವರೆಗೆ ಹೊಲಗಳ ಅಂಚಿನಲ್ಲಿ ಗಾಳಿ ತಡೆಯುವ ಮರಗಳ ಸಾಲು. ಬಯಲಿನಲ್ಲಿ ಮರ ಬದುಕುತ್ತದೆಯೇ ಎಂದು ಅರಣ್ಯ ತಜ್ಞರೇ ಹಲವರು ನಕ್ಕರು. 1935ರ ಮಾರ್ಚ್‌ನಲ್ಲಿ ಓಕ್ಲಹೋಮಾದಲ್ಲಿ ಮೊದಲ ಸಸಿ ನೆಟ್ಟರು. ನಡುವೆ ಎತ್ತರದ ಮರ, ಎರಡೂ ಬದಿಗೆ ಗಿಡ್ಡ ಪೊದೆ, ಹೀಗೆ ಗಾಳಿ ಮೇಲೇರಿ ಹೋಗುವಂತೆ ಹಂತ ಹಂತದ ಸಾಲು. 1942ರ ವೇಳೆಗೆ ಸುಮಾರು 22 ಕೋಟಿ ಸಸಿ, 30 ಸಾವಿರ ಕಿಲೋಮೀಟರ್ ಉದ್ದದ ಸಾಲುಗಳು ಎದ್ದಿದ್ದವು.

ಹಸಿರಿನ ನೆರಳಲ್ಲಿ ಕಪ್ಪು ಚುಕ್ಕೆ

ಈ ಕಥೆಯನ್ನು ಬರೀ ಹೊಗಳಿಕೆಯಲ್ಲಿ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತೆ. ಬಣ್ಣ, ಜನಾಂಗ, ಧರ್ಮದ ಆಧಾರದಲ್ಲಿ ಭೇದ ಮಾಡಬಾರದು ಎಂಬ ಸಾಲು 1933ರ ಕಾನೂನಿನಲ್ಲೇ ಇತ್ತು. ಅದನ್ನು ಸೇರಿಸಿದ್ದು ಆಗ ಸಂಸತ್ತಿನಲ್ಲಿದ್ದ ಏಕೈಕ ಕಪ್ಪು ಸದಸ್ಯ ಆಸ್ಕರ್ ಡಿ ಪ್ರೀಸ್ಟ್. ಆದರೂ ಕಪ್ಪು ಯುವಕರನ್ನು ಬೇರೆ ಶಿಬಿರದಲ್ಲಿಟ್ಟರು. 1935ರಲ್ಲಿ ಫೆಕ್ನರ್ ಈ ಪ್ರತ್ಯೇಕತೆಯನ್ನು ಆದೇಶವಾಗಿಯೇ ಹೊರಡಿಸಿದರು, ರೂಸ್‌ವೆಲ್ಟ್ ತಡೆಯಲಿಲ್ಲ. ದಕ್ಷಿಣದ ರಾಜ್ಯಗಳ ಬಿಳಿ ಸಂಸದರ ಮತ ಅವರಿಗೆ ಬೇಕಿತ್ತು. ಸುಮಾರು ಎರಡು ಲಕ್ಷ ಕಪ್ಪು ಯುವಕರು ಇದೇ ಪಡೆಯಲ್ಲಿ ದುಡಿದರು, ಮೇಲ್ವಿಚಾರಕ ಹುದ್ದೆಗಳು ಮಾತ್ರ ಬಹುಪಾಲು ಅವರಿಗೆ ಸಿಗಲಿಲ್ಲ. ಸುಮಾರು 80 ಸಾವಿರ ಮೂಲನಿವಾಸಿಗಳು ಪ್ರತ್ಯೇಕ ವಿಭಾಗದಲ್ಲಿ ತಮ್ಮದೇ ನೆಲದಲ್ಲಿ ಕೆಲಸ ಮಾಡಿದರು.

ಮಹಿಳೆಯರಿಗಂತೂ ಸಿಸಿಸಿ ಬಾಗಿಲು ತೆರೆಯಲೇ ಇಲ್ಲ. ಎಲೀನರ್ ರೂಸ್‌ವೆಲ್ಟ್ ಮತ್ತು ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ ಹಟ ಹಿಡಿದು ಬೇರೆ ಶಿಬಿರಗಳನ್ನು ಶುರು ಮಾಡಿಸಿದರು. 1937ರಲ್ಲಿ ಅವು ಮುಚ್ಚುವ ಹೊತ್ತಿಗೆ ಪ್ರಯೋಜನ ಪಡೆದವರು ಸುಮಾರು 8,500 ಮಹಿಳೆಯರು ಮಾತ್ರ. ಹುಡುಗರ ಸಂಬಳಕ್ಕೆ ಹೋಲಿಸುವಂಥ ಸಂಬಳವೂ ಅವರಿಗೆ ಇರಲಿಲ್ಲ.

ಪರಿಸರದ ಲೆಕ್ಕದಲ್ಲೂ ತಪ್ಪುಗಳಾದವು. ಮಣ್ಣು ಹಿಡಿದಿಡಲು ದಕ್ಷಿಣದ ರಾಜ್ಯಗಳಲ್ಲಿ ಹಬ್ಬಿಸಿದ ಕುಡ್ಜು ಎಂಬ ಏಷ್ಯಾ ಮೂಲದ ಬಳ್ಳಿ ನಂತರ ಮರ, ಮನೆ ಎನ್ನದೆ ಮುಚ್ಚಿಕೊಂಡಿತು. ನಮ್ಮ ಬಂಡೀಪುರದಲ್ಲಿ ಲಂಟಾನ ಕೊಡುತ್ತಿರುವ ಕಾಟ ನೆನಪಿಸಿಕೊಳ್ಳಿ. ಯಾರೂ ಮುಟ್ಟದ ಕಾಡಿನೊಳಗೂ ರಸ್ತೆ ನುಗ್ಗಿಸುತ್ತಿದ್ದಾರೆ ಎಂದು ಪರಿಸರವಾದಿಗಳು ಆಗಲೇ ದೂರಿದ್ದರು. ಪಡೆಯಲ್ಲಿ ಕೈಗಳಿದ್ದಷ್ಟು ಜೀವಶಾಸ್ತ್ರಜ್ಞರ ಮಾತಿಗೆ ಬೆಲೆ ಇರಲಿಲ್ಲ ಎಂಬ ಟೀಕೆ ಸುಳ್ಳಲ್ಲ.

ಯುದ್ಧ ಬಂತು, ಡೇರೆ ಕಿತ್ತರು

1935ರಲ್ಲಿ ಐದು ಲಕ್ಷ ದಾಟಿದ್ದ ಸಂಖ್ಯೆಯನ್ನು ಖರ್ಚಿನ ಕಾರಣಕ್ಕೆ ರೂಸ್‌ವೆಲ್ಟ್ ಅವರೇ ಇಳಿಸಲು ಹೊರಟರು. ತಮ್ಮ ಕ್ಷೇತ್ರದ ಶಿಬಿರ ಮುಚ್ಚುತ್ತದೆ ಎಂದಾಗ ಸಂಸದರೇ ಎದುರು ನಿಂತರು. ಅಷ್ಟು ಜನಪ್ರಿಯ ಯೋಜನೆ ಅದು. ಹಾಗಿದ್ದೂ 1937ರಲ್ಲಿ ಪಡೆಯನ್ನು ಕಾಯಂ ಮಾಡಿ ಎಂದು ರೂಸ್‌ವೆಲ್ಟ್ ಕೇಳಿದಾಗ ಸಂಸತ್ತು ಒಪ್ಪಲಿಲ್ಲ, ಅವಧಿ ವಿಸ್ತರಿಸಿ ಸುಮ್ಮನಾಯಿತು. ಕಾರ್ಖಾನೆಗಳಲ್ಲಿ ಕೆಲಸ ಹೆಚ್ಚಿದಂತೆ ಶಿಬಿರ ಸೇರುವವರು ಕಡಿಮೆಯಾದರು. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು. 1942ರ ಬೇಸಿಗೆಯಲ್ಲಿ ಸಂಸತ್ತು ಹಣ ನಿಲ್ಲಿಸಿತು, ಪಡೆ ಬರಖಾಸ್ತಾಯಿತು.

ಶಿಸ್ತು ಕಲಿತ, ಯಂತ್ರ ಓಡಿಸಬಲ್ಲ ಆ ಹುಡುಗರಲ್ಲಿ ಬಹಳ ಜನ ಯುದ್ಧಕ್ಕೆ ಹೋದರು. ಖಾಲಿಯಾದ ಕೆಲವು ಶಿಬಿರಗಳಲ್ಲಿ ಯುದ್ಧ ಕೈದಿಗಳನ್ನು ಇಟ್ಟರು. ಜಪಾನ್ ಮೂಲದವರು ಎಂಬ ಒಂದೇ ಕಾರಣಕ್ಕೆ ರೂಸ್‌ವೆಲ್ಟ್ ಆದೇಶದಂತೆ ಮನೆಮಠ ಬಿಡಿಸಲಾದ ಅಮೆರಿಕನ್ನರಲ್ಲಿ ಕೆಲವರನ್ನೂ ಇಂಥದೇ ಶಿಬಿರಗಳಲ್ಲಿ ಕೂಡಿಹಾಕಿದರು. ಕಾಡು ಕಟ್ಟಿದ ಕೈಯಿಂದಲೇ ಆ ಆದೇಶಕ್ಕೂ ಸಹಿ ಬಿದ್ದಿತ್ತು.

ಯುದ್ಧ ಮುಗಿಯುವುದನ್ನು ನೋಡಲು ರೂಸ್‌ವೆಲ್ಟ್ ಉಳಿಯಲಿಲ್ಲ. 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನ ಮನೆಯಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. 63 ವರ್ಷ. ಹೈಡ್ ಪಾರ್ಕ್‌ನ ಗುಲಾಬಿ ತೋಟದಲ್ಲಿ ಅವರ ಸಮಾಧಿ ಇದೆ.

ಉಳಿದದ್ದು ಏನು?

ಒಂಬತ್ತು ವರ್ಷಗಳಲ್ಲಿ ಸುಮಾರು 30 ಲಕ್ಷ ಜನ ಈ ಪಡೆಯಲ್ಲಿ ದುಡಿದರು. ನೆಟ್ಟ ಸಸಿಗಳು ಸುಮಾರು 300 ಕೋಟಿ. ಬೆಂಕಿ ಕಾಯುವ 3 ಸಾವಿರಕ್ಕೂ ಹೆಚ್ಚು ಗೋಪುರ, ನೂರಾರು ರಾಜ್ಯ ಉದ್ಯಾನಗಳು. ಕೊಲರಾಡೊದ ಪ್ರಸಿದ್ಧ ರೆಡ್ ರಾಕ್ಸ್ ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲುಗಳೂ ಇದೇ ಹುಡುಗರ ಕೈಕೆಲಸ.

ಇನ್ನೊಂದು ಫಲ ನಮ್ಮ ತಟ್ಟೆಯವರೆಗೂ ಬಂದಿದೆ. 1935ರಲ್ಲಿ ಓದಿಗೆ ಹಣ ಸಾಲದೆ ಒಬ್ಬ ಅರಣ್ಯಶಾಸ್ತ್ರ ವಿದ್ಯಾರ್ಥಿ ಸಿಸಿಸಿಯಲ್ಲಿ ತಂಡದ ಮುಖ್ಯಸ್ಥನಾಗಿ ದುಡಿದ. ಹಸಿವಿನಿಂದ ಬಂದ ಯುವಕರು ಊಟ, ಕೆಲಸ ಸಿಕ್ಕ ಮೇಲೆ ಹೇಗೆ ಬದಲಾಗುತ್ತಾರೆ ಎನ್ನುವುದನ್ನು ಅಲ್ಲಿ ಕಣ್ಣಾರೆ ಕಂಡ. ಅವರೇ ನಾರ್ಮನ್ ಬೋರ್ಲಾಗ್. ಅವರ ಗಿಡ್ಡ ಗೋಧಿ ತಳಿಗಳು 1960ರ ದಶಕದಲ್ಲಿ ಭಾರತದ ಹಸಿರು ಕ್ರಾಂತಿಗೆ ದಾರಿ ಮಾಡಿದವು, 1970ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ತಂದವು.

ಅಮೆರಿಕದಲ್ಲಿ ಈ ಮಾದರಿ ಮತ್ತೆ ಮತ್ತೆ ಮರುಹುಟ್ಟು ಪಡೆದಿದೆ. 1976ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾದ ಪಡೆ ಇಂದಿಗೂ ಇದೆ. ಅಧ್ಯಕ್ಷ ಬೈಡನ್ 2023ರಲ್ಲಿ ಘೋಷಿಸಿದ ಹವಾಮಾನ ಪಡೆ ಅವರ ಅಧಿಕಾರದ ಜೊತೆಗೇ ಮುಗಿಯಿತು. ಕಾಯಂ ಕಾನೂನಿನ ಬೇರಿಲ್ಲದ ಯೋಜನೆ ಎಷ್ಟು ದಿನ ನಿಲ್ಲುತ್ತದೆ ಎನ್ನುವುದಕ್ಕೆ 1942 ಒಂದು ಉದಾಹರಣೆಯಾದರೆ ಇದು ಇನ್ನೊಂದು.

ಪ್ರತಿ ವರ್ಷ ಜೂನ್ ಬಂದರೆ ನಮ್ಮಲ್ಲೂ ಲಕ್ಷ ಸಸಿ, ಕೋಟಿ ಸಸಿ ಎಂಬ ಘೋಷಣೆಗಳು ಸುದ್ದಿಯಾಗುತ್ತವೆ. ಅಂಥ ಸುದ್ದಿ ಓದುವಾಗ ಸಂಖ್ಯೆಯ ಜೊತೆ ಇನ್ನೂ ಮೂರು ಪ್ರಶ್ನೆ ಕೇಳಬಹುದು. ನೆಟ್ಟವರಿಗೆ ನೆಡಲು ಕಲಿಸಿದ್ದು ಯಾರು? ಅವರಿಗೆ ತಿಂಗಳಿಗೆ ಎಷ್ಟು ಸಂಬಳ? ತರಬೇತಿಯ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅವರಿಗೆ ಕೆಲಸ ಎಲ್ಲಿದೆ? ಮೊದಲ ಎರಡಕ್ಕೆ ರೂಸ್‌ವೆಲ್ಟ್ ಬಳಿ ಉತ್ತರವಿತ್ತು. ಮೂರನೆಯದಕ್ಕೆ ಅವರೂ ಕಾಯಂ ಉತ್ತರ ಕೊಡಲಾಗಲಿಲ್ಲ. ಆ ಪ್ರಶ್ನೆ ಈಗ ನಮ್ಮ ಮುಂದಿದೆ.